ಕಿಂಡಿ ಕಾಯದಿದ್ದರೆ ಕೋಟೆ ಉಳಿಯದು

ಮಕ್ಕಳೇ, ಚಿತ್ರದುರ್ಗದ ಒನಕೆ ಓಬವ್ವನ ಕಥೆ ನಿಮಗೆಲ್ಲ ಗೊತ್ತು. ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದಾಗ ಕೋಟೆಯ ಹೆಬ್ಬಾಗಿಲುಗಳು ಭದ್ರವಾಗಿದ್ದವು. ಶತ್ರುಗಳು ನುಸುಳಲು ನೋಡಿದ್ದು ಒಬ್ಬೊಬ್ಬರೇ ತೂರಬಹುದಾದ ಒಂದು ಕಿಂಡಿಯಿಂದ. ಅದೂ ಕಾವಲುಗಾರ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ.

ಕಂಪ್ಯೂಟರಿಗೂ ಇಂಥ ಕಿಂಡಿಗಳಿವೆ. ಅವನ್ನು ಪೋರ್ಟ್ ಎನ್ನುತ್ತಾರೆ. ಇವು ಕಣ್ಣಿಗೆ ಕಾಣುವ ತೂತುಗಳಲ್ಲ, ಬರೀ ಸಂಖ್ಯೆಗಳು, 65,535ರವರೆಗೆ ಇವೆ. ಒಂದೊಂದು ಕೆಲಸಕ್ಕೆ ಒಂದೊಂದು ಸಂಖ್ಯೆ. ಸುರಕ್ಷಿತ ಜಾಲತಾಣಗಳಿಗೆ 443, ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳಲು 445.

ಈಗ ನಾವಿರುವ ಸೌದಿ ಅರೇಬಿಯಾದ ಒಂದು ಘಟನೆ ಕೇಳಿ. 2012ರ ಆಗಸ್ಟ್ 15, ಬುಧವಾರ. ರಂಜಾನ್ ತಿಂಗಳ ಕೊನೆಯ ದಿನಗಳು. ದಹ್ರಾನ್‌ನಲ್ಲಿ ಮುಖ್ಯ ಕಚೇರಿ ಇರುವ ಸೌದಿ ಅರಾಮ್ಕೋದ ಎಷ್ಟೋ ನೌಕರರು ರಜೆಯಲ್ಲಿದ್ದರು. ಅಂದು ಶಮೂನ್ ಎಂಬ ಕುತಂತ್ರಾಂಶ ಸುಮಾರು 30,000 ಕಂಪ್ಯೂಟರ್‌ಗಳ ಮಾಹಿತಿಯನ್ನು ಅಳಿಸಿಹಾಕಿತು. ಕಡತಗಳಿದ್ದ ಜಾಗದಲ್ಲಿ ಉರಿಯುತ್ತಿರುವ ಅಮೆರಿಕದ ಬಾವುಟದ ಚಿತ್ರದ ತುಣುಕು ಉಳಿಯಿತು.

ಒಂದರಿಂದ ಸಾವಿರಾರು ಕಂಪ್ಯೂಟರ್‌ಗಳಿಗೆ ಅದು ಹರಡಿದ್ದು ಹೇಗೆ? ಒಳಗಿನ ಕಡತ ಹಂಚಿಕೆಯ ದಾರಿಯಿಂದಲೇ. ಒಂದು ಯಂತ್ರ ಸೇರಿದ ಮೇಲೆ ಪಕ್ಕದ ಯಂತ್ರಗಳಿಗೆ ತನ್ನ ನಕಲನ್ನು ಕಳಿಸುತ್ತಿತ್ತು. ಹೊರಬಾಗಿಲಿಗೆ ಎಷ್ಟೇ ದೊಡ್ಡ ಬೀಗ ಹಾಕಿದ್ದರೂ ಒಳಗಿನ ಕೋಣೆಗಳೆಲ್ಲ ಒಂದಕ್ಕೊಂದು ತೆರೆದಿದ್ದರೆ ಪ್ರಯೋಜನವೇನು?

ಆದರೆ ತೈಲ ತೆಗೆಯುವ ಕೆಲಸ ನಿಲ್ಲಲಿಲ್ಲ. ಆ ಯಂತ್ರಗಳ ಜಾಲವನ್ನು ಕಚೇರಿಯ ಜಾಲದಿಂದ ಬೇರೆಯಾಗಿ ಇಟ್ಟಿದ್ದರು. ಸುತ್ತಿನ ಮೇಲೆ ಸುತ್ತು ಕೋಟೆ ಕಟ್ಟಿದ ನಮ್ಮ ಹಿರಿಯರ ಉಪಾಯವೂ ಇದೇ ಅಲ್ಲವೇ? ಆಗಸ್ಟ್ 26ರಂದು ಮುಖ್ಯ ಜಾಲ ಮತ್ತೆ ಸರಿಹೋಗಿದೆ ಎಂದು ಸಂಸ್ಥೆ ತಿಳಿಸಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2016ರ ನವೆಂಬರ್‌ನಲ್ಲಿ ಶಮೂನ್ ಹೊಸ ರೂಪದಲ್ಲಿ ಸೌದಿಯ ಹಲವು ಸಂಸ್ಥೆಗಳ ಮೇಲೆ ಮತ್ತೆ ಬಂತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಇನ್ನೊಂದು ಕುತಂತ್ರಾಂಶ ಇದೇ 445ರ ಕಿಂಡಿಯಿಂದ ಸುಮಾರು 150 ದೇಶಗಳಿಗೆ ನುಗ್ಗಿತು. ಅದೇ ವರ್ಷ ಸೌದಿ ಸರ್ಕಾರ ರಾಷ್ಟ್ರೀಯ ಸೈಬರ್ ಭದ್ರತಾ ಪ್ರಾಧಿಕಾರವನ್ನು ಸ್ಥಾಪಿಸಿತು.

ನಮ್ಮ ಮನೆಯ ಕಿಂಡಿಗಳನ್ನು ನೋಡುವುದು ಹೇಗೆ? ಅಪ್ಪ ಅಮ್ಮನ ಜೊತೆ ಕುಳಿತು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ 'ನೆಟ್‌ಸ್ಟ್ಯಾಟ್' ಎಂದು ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಗೂ 'ಎ', 'ಎನ್' ಅಕ್ಷರಗಳನ್ನು ಸೇರಿಸಿ ಎಂಟರ್ ಒತ್ತಿ. 'ಲಿಸನಿಂಗ್' ಎಂದು ತೋರಿಸುವ ಪೋರ್ಟ್‌ಗಳು ಯಾರಾದರೂ ಕರೆಯಲಿ ಎಂದು ಕಾದಿರುವಂಥವು. ಕಂಡ ತಕ್ಷಣ ಗಾಬರಿ ಬೇಡ. ಹಲವು ಪೋರ್ಟ್‌ಗಳು ಕಂಪ್ಯೂಟರಿಗೆ ಬೇಕಾದವೇ. ಫೈರ್‌ವಾಲ್ ಚಾಲೂ ಇದೆಯೇ, ಬೇಡದ ಕಡತ ಹಂಚಿಕೆ ನಿಂತಿದೆಯೇ, ಹೊಸ ಅಪ್‌ಡೇಟ್‌ಗಳು ಬಂದಿವೆಯೇ ಎಂದು ನೋಡಿ. ಮುಖ್ಯ ಫೋಟೋ, ಕಾಗದಪತ್ರಗಳ ಒಂದು ಪ್ರತಿಯನ್ನು ಕಂಪ್ಯೂಟರಿನಿಂದ ಬೇರೆ ಕಡೆ ಇಡಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ರಜೆಗೆ ಊರಿಗೆ ಹೊರಡುವಾಗ ಗ್ಯಾಸು, ನಲ್ಲಿ, ಬೀಗ ಎಲ್ಲವನ್ನೂ ನೋಡುತ್ತೇವಲ್ಲ, ಆ ಪಟ್ಟಿಗೆ ಕಂಪ್ಯೂಟರನ್ನೂ ಸೇರಿಸೋಣ.