ಕೊಟ್ಟೆ, ತುತ್ತ, ಕಿರು ಆರ್‌ಎನ್‌ಎ

ಮುಂಬಯಿಯ ಮುಲುಂಡಿನ ಬಾಲ್ಕನಿಗೆ ಮಳೆ ಹೊಡೆದರೆ ಅಜ್ಜನದು ಒಂದೇ ಪ್ರಶ್ನೆ: "ಊರಲ್ಲಿ ಮದ್ದು ಬಿಟ್ಟಾಯ್ತಾ ಮಾರಾಯ?" ಮದ್ದೆಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋ.

ಹಿಂದೆ ಮಲೆನಾಡಿನಲ್ಲಿ ಮಳೆನೀರು ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ರೋಗದ ಮೂಲ ಫೈಟಾಫ್ತೊರಾ ಎಂದು 1910ರಲ್ಲಿ ಬರೆದರು. (ಅದು ಶಿಲೀಂಧ್ರದ ವೇಷ ತೊಟ್ಟ ಬೇರೆಯೇ ಜೀವಿ.)

ರೋಗಾಣುವಿಗೂ ಗಿಡಕ್ಕೂ ಕಣ್ಣಿಗೆ ಕಾಣದ ಕಾಳಗವೂ ಇದೆ. ಬೊಟ್ರೈಟಿಸ್ ಎಂಬ ಶಿಲೀಂಧ್ರ ಕಿರು ಆರ್‌ಎನ್‌ಎಗಳನ್ನು ಗಿಡದೊಳಗೆ ನುಗ್ಗಿಸಿ ರಕ್ಷಣಾ ಜೀನುಗಳ ಬಾಯಿ ಮುಚ್ಚಿಸುವುದು ತಿಳಿದದ್ದು 2013ರಲ್ಲಿ. ಗಿಡವೂ ಪುಟ್ಟ ಕೋಶಗುಳ್ಳೆಗಳಲ್ಲಿ ತನ್ನ ಕಿರು ಆರ್‌ಎನ್‌ಎಗಳನ್ನು ತುಂಬಿ ಶಿಲೀಂಧ್ರಕ್ಕೆ ತಿರುಗಿ ಕಳಿಸುತ್ತದೆಂದು 2018ರಲ್ಲಿ ಗೊತ್ತಾಯಿತು.

ಅಜ್ಜನಿಗೆ ಹೇಳಿದೆ.

"ಹಾಗಾದರೆ ಈ ಆಟಿ ತಿಂಗಳಿಗೆ ಮದ್ದು ಬೇಡವಾ?"

"ಬೇಕಜ್ಜ."