ಕರೆಂಟು ಹೋದ ಸಂಜೆ, ಹಿತ್ತಲಿನ ಹೊಗೆ



2005ರಿಂದ ಮುಂದಿನ ಕೆಲವು ವರ್ಷ ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಗಳಲ್ಲಿ ಇದ್ದವರಿಗೆ ಲೋಡ್ ಶೆಡ್ಡಿಂಗ್ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಅತ್ತ ಮುಂಬಯಿಯಲ್ಲಿ ಟಾಟಾ, ಬೆಸ್ಟ್, ರಿಲಯನ್ಸ್ ಕಂಪನಿಗಳ ದೀಪ ಉರಿಯುತ್ತಲೇ ಇತ್ತು. ಇತ್ತ ನಮ್ಮ ಕಡೆ ರಾಜ್ಯ ವಿದ್ಯುತ್ ಮಂಡಳಿಯ, 2005ರ ಜೂನ್ ನಂತರ ಮಹಾವಿತರಣದ, ಕರೆಂಟು ದಿನಕ್ಕೆ ಗಂಟೆಗಟ್ಟಲೆ ಮಾಯ. ದೀಪ ಹೋದ ಎರಡೇ ನಿಮಿಷದಲ್ಲಿ ಸ್ಟೇಷನ್ ರಸ್ತೆಯುದ್ದಕ್ಕೂ ಒಂದೊಂದೇ ಜನರೇಟರು ಎದ್ದು ಗುಡುಗತೊಡಗುತ್ತಿತ್ತು. ಉಡುಪಿ ಹೊಟೇಲಿನ ಹಿಂದೆ ಒಂದು, ಜೀನ್ಸ್ ಹೊಲಿಯುವ ಕಾರ್ಖಾನೆಯ ಪಕ್ಕ ಒಂದು, ನರ್ಸಿಂಗ್ ಹೋಮಿನ ಮೆಟ್ಟಿಲ ಕೆಳಗೆ ಇನ್ನೊಂದು. ಮುಂದಿನ ಬಾಗಿಲಲ್ಲಿ ಬೆಳಕು, ಮಸಾಲೆ ದೋಸೆ, ಹಾಡು. ಹಿಂದಿನ ಬಾಗಿಲಲ್ಲಿ ಪಾತ್ರೆ ತಿಕ್ಕುವ ಹುಡುಗರು, ಅವರ ತಲೆಯ ಮೇಲೆ ಕರಿ ಹೊಗೆ. ಈ ಸಲ ಆ ಹಿಂದಿನ ಬಾಗಿಲಿನ ಚರಿತ್ರೆ ನೋಡೋಣ.

ಉಲ್ಹಾಸನಗರದ ಹುಟ್ಟೇ ಇಲ್ಲದ್ದರಲ್ಲಿ ಹೊಂದಿಸಿಕೊಂಡ ಕಥೆ. ಮಹಾಯುದ್ಧ ಕಾಲದ ಸೈನಿಕ ಶಿಬಿರಕ್ಕೆ ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದರು. 1949ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದರು. ಬ್ಯಾರಕ್ಕುಗಳೇ ಮನೆ, ಮನೆಯೇ ಕಾರ್ಖಾನೆ. ಇಂಥ ಊರಿನಲ್ಲಿ ಕರೆಂಟು ಹೋದರೆ ಕೈಕಟ್ಟಿ ಕೂರುವವರು ಯಾರು? ಜನರೇಟರು ಬಂದದ್ದು ಸಹಜವೇ.

ಆ ಯಂತ್ರದ ವಂಶಾವಳಿಯಲ್ಲಿ ನಮ್ಮವರೂ ಇದ್ದಾರೆ. ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ನಡೆಸಿ ತೋರಿಸಿದ್ದು 1897ರಲ್ಲಿ. ನಮ್ಮ ಹಳ್ಳಿಗಳಿಗೆ ಅದು ಬಂದದ್ದು ನೀರೆತ್ತುವ ಪಂಪಿಗೆ, ಹಿಟ್ಟಿನ ಗಿರಣಿಗೆ: ಒಂದೇ ಸಿಲಿಂಡರು, ಭಾರಿ ಚಕ್ರ, ಡುಗ್ ಡುಗ್ ಸದ್ದು. ಇಂಗ್ಲೆಂಡಿನ ಲಿಸ್ಟರ್ ಮಾದರಿಯನ್ನು ರಾಜಕೋಟೆಯವರು ದಶಕಗಳ ಕಾಲ ಎರಕ ಹೊಯ್ದು ಮಾರಿದರು. ಪುಣೆಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಮೇಷ್ಟರಾಗಿದ್ದು, ಆಮೇಲೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಅವರು. ಪಂಪು, ಎಂಜಿನ್ ಎಂದರೆ ಕಿರ್ಲೋಸ್ಕರ್ ಎನ್ನುವಷ್ಟು ಆ ಹೆಸರು ನಮ್ಮ ಹೊಲಗಳಲ್ಲಿ ಬೇರೂರಿತು.

ಆ ಎಂಜಿನ್‌ಗಳು ಏನು ಉಗುಳುತ್ತವೆ ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ಕಾನೂನು ಮೊದಲು ಹಿಡಿದದ್ದು ರಸ್ತೆಗೆ ಇಳಿಯುವ ಬಂಡಿಯನ್ನು. ಅದಕ್ಕೆ ನಂಬರ್ ಪ್ಲೇಟ್ ಇದೆ, ಆರ್‌ಟಿಓ ಇದೆ, ನಿಲ್ಲಿಸಿ ಕೇಳಲು ಪೊಲೀಸ್ ಇದ್ದಾನೆ. ಗದ್ದೆಯಲ್ಲಿ, ಕ್ವಾರಿಯಲ್ಲಿ, ಹೊಟೇಲಿನ ಹಿತ್ತಲಲ್ಲಿ ದುಡಿಯುವ ಎಂಜಿನ್ ಯಾರ ಕಣ್ಣಿಗೂ ಬೀಳದು. ಅಮೆರಿಕದಲ್ಲೂ ಇಂಥ ಎಂಜಿನ್‌ಗಳ ಮೊದಲ ಹಂತದ ನಿಯಮ ಜಾರಿಯಾದದ್ದು 1996ರಲ್ಲಿ, ಯುರೋಪಿನಲ್ಲಿ 1999ರಲ್ಲಿ. ನಮ್ಮಲ್ಲಿ ಟ್ರಾಕ್ಟರಿಗೆ 1999ರ ಅಕ್ಟೋಬರಿನಲ್ಲಿ, ಜನರೇಟರಿಗೆ 2004ರಲ್ಲಿ, ಕಟ್ಟಡ ಕೆಲಸದ ಗಾಡಿಗಳಿಗೆ 2007ರಲ್ಲಿ. ಅಷ್ಟು ತಡವಾಗಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆಯನ್ನು ‘ಬಹುಶಃ’ ಕ್ಯಾನ್ಸರ್‌ಕಾರಕ ಎಂದಿತ್ತು. 2012ರ ಜೂನಿನಲ್ಲಿ ಆ ‘ಬಹುಶಃ’ವನ್ನು ತೆಗೆದುಹಾಕಿತು. ಅದಕ್ಕೆ ಮುಖ್ಯ ಆಧಾರಗಳಲ್ಲೊಂದು ಗಣಿಯೊಳಗೆ ಡೀಸೆಲ್ ಯಂತ್ರಗಳ ಜೊತೆ ದುಡಿದವರ ಆರೋಗ್ಯದ ಅಧ್ಯಯನ. ಅವೂ ರಸ್ತೆ ಕಾಣದ ಯಂತ್ರಗಳೇ.

ಈಗ ಎಂಜಿನ್ ಹೇಗೆ ಬದಲಾಯಿತು ಎಂಬ ಮಾತಿಗೆ ಬರೋಣ. ಎಂಜಿನಿಯರುಗಳಿಗೆ ಇದ್ದ ಕಷ್ಟ ಸೌದೆ ಒಲೆ ಊದಿದವರಿಗೆ ಅರ್ಧ ಅರ್ಥವಾಗುತ್ತದೆ. ಹಸಿ ಸೌದೆ ಮಂದವಾಗಿ ಉರಿದರೆ ಹೊಗೆ, ಮಸಿ. ಗಾಳಿ ಚೆನ್ನಾಗಿ ಸಿಕ್ಕಿ ಧಗಧಗ ಉರಿದರೆ ಮಸಿ ಇಲ್ಲ. ಡೀಸೆಲ್ಲಿನಲ್ಲೂ ಹಾಗೆಯೇ, ಆದರೆ ಅಲ್ಲಿ ಇನ್ನೊಂದು ತೊಡಕು ಇದೆ. ಸಿಲಿಂಡರಿನೊಳಗೆ ಕಾವು ಬಹಳ ಏರಿದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಎದೆ ಉರಿಸುವ, ಬಿಸಿಲಿಗೆ ಓಜೋನ್ ಹುಟ್ಟಿಸುವ ಅನಿಲ ಅದು. ಮಸಿ ತಗ್ಗಿಸಲು ಕಾವು ಹೆಚ್ಚಿಸಿದರೆ ಈ ಅನಿಲ ಹೆಚ್ಚು. ಅನಿಲ ತಗ್ಗಿಸಲು ಕಾವು ಇಳಿಸಿದರೆ ಮಸಿ ಹೆಚ್ಚು. ಅತ್ತ ದರಿ, ಇತ್ತ ಪುಲಿ.

ಮೊದಲ ಹಂತಗಳನ್ನು ಎಂಜಿನಿನೊಳಗಿನ ರಿಪೇರಿಯಿಂದಲೇ ದಾಟಿದರು. ಡೀಸೆಲ್ ಚಿಮ್ಮುವ ಗಳಿಗೆಯನ್ನು ಸ್ವಲ್ಪ ಮುಂದೂಡಿದರು, ಟರ್ಬೋ ಹಚ್ಚಿ ಹೆಚ್ಚು ಗಾಳಿ ತುಂಬಿದರು, ಆ ಗಾಳಿಯನ್ನು ತಣಿಸಿ ಒಳಗೆ ಬಿಟ್ಟರು. ಮುಂದೆ ಕಾಮನ್ ರೈಲ್ ಬಂತು. ಒಂದು ಗಟ್ಟಿ ಕೊಳವೆಯಲ್ಲಿ ಡೀಸೆಲ್ಲನ್ನು ಸಾವಿರಾರು ಪಟ್ಟು ಒತ್ತಡದಲ್ಲಿ ಸದಾ ಸಿದ್ಧವಾಗಿಟ್ಟು, ಕಂಪ್ಯೂಟರ್ ಹೇಳಿದ ಕ್ಷಣಕ್ಕೆ, ಒಂದೇ ಹೊಡೆತದಲ್ಲಿ ಎರಡು ಮೂರು ಕಂತಾಗಿ ಮಂಜಿನ ಹಾಗೆ ಚಿಮ್ಮಿಸುವುದು. ಇದರ ಜೊತೆಗೆ ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಸಿಲಿಂಡರಿಗೇ ಕಳಿಸಿ ಕಾವನ್ನು ಹತೋಟಿಗೆ ತಂದರು.

ಇಷ್ಟೂ ಸಾಲದೆ ಹೋದಾಗ ಹೊಗೆಕೊಳವೆಗೇ ಕೈ ಹಾಕಿದರು. ಜೇನುಗೂಡಿನಂಥ ಸೆರಾಮಿಕ್ ಸೋಸುಗ ಒಂದು. ಅದರ ಗೋಡೆಯಲ್ಲಿ ಗಾಳಿ ಹಾಯುತ್ತದೆ, ಮಸಿ ಉಳಿಯುತ್ತದೆ. ಉಳಿದ ಮಸಿಯನ್ನು ಆಗಾಗ ಕಾಯಿಸಿ ಸುಟ್ಟುಬಿಡುತ್ತಾರೆ. ಇನ್ನೊಂದು ಯೂರಿಯಾ ಉಪಾಯ. ಗದ್ದೆಗೆ ಎರಚುವ ಅದೇ ಯೂರಿಯಾವನ್ನು ಬಹಳ ಶುದ್ಧಮಾಡಿ, ನೀರಿನಲ್ಲಿ ನೂರಕ್ಕೆ 32.5 ಪಾಲು ಕರಗಿಸಿ ಬಿಸಿ ಹೊಗೆಗೆ ಸಿಂಪಡಿಸುತ್ತಾರೆ. ಅದರಿಂದ ಹುಟ್ಟಿದ ಅಮೋನಿಯಾ ನೈಟ್ರೋಜನ್ ಆಕ್ಸೈಡನ್ನು ಮತ್ತೆ ನಿರಪಾಯದ ಸಾರಜನಕ ಮತ್ತು ನೀರಾವಿಯನ್ನಾಗಿ ಮಾಡುತ್ತದೆ. ಈಗ ಕಾವಿನ ಚಿಂತೆ ಬಿಟ್ಟು ಎಂಜಿನನ್ನು ಜೋರಾಗಿ ಉರಿಸಬಹುದು, ಡೀಸೆಲ್ಲೂ ಉಳಿಯುತ್ತದೆ. ನನಗಂತೂ ಈ ಇಡೀ ಕಥೆಯಲ್ಲಿ ಬಹಳ ಮೆಚ್ಚುಗೆಯಾದ ಜಾಣತನ ಇದೇ.

ಆದರೆ ಇವೆಲ್ಲ ನಡೆಯಬೇಕಾದರೆ ಡೀಸೆಲ್ಲಿನಲ್ಲಿ ಗಂಧಕ ಇರಬಾರದು; ಇದ್ದರೆ ಆ ದುಬಾರಿ ಸಲಕರಣೆ ಕೆಡುತ್ತದೆ. ನಮ್ಮ ಡೀಸೆಲ್ಲಿನಲ್ಲಿ 1996ರಲ್ಲಿ ಹತ್ತು ಲಕ್ಷ ಪಾಲಿಗೆ 5,000 ಪಾಲು ಗಂಧಕ ಇರಬಹುದಿತ್ತು. 2010ರಲ್ಲಿ ಮುಂಬಯಿ, ಬೆಂಗಳೂರು, ಸೊಲ್ಲಾಪುರ ಸೇರಿ 13 ನಗರಗಳಿಗೆ 50 ಪಾಲಿನ ಡೀಸೆಲ್ ಬಂತು, 2017ರ ಏಪ್ರಿಲಿನಲ್ಲಿ ಅದು ದೇಶಕ್ಕೆಲ್ಲ ಆಯಿತು, 2020ರ ಏಪ್ರಿಲಿನಿಂದ 10 ಪಾಲು. ತೈಲ ಶುದ್ಧವಾಗದೆ ಎಂಜಿನ್ ಶುದ್ಧವಾಗುವಂತಿರಲಿಲ್ಲ.

ನವಿ ಮುಂಬಯಿಯ ವಿಮಾನ ನಿಲ್ದಾಣವನ್ನೇ ನೋಡಿ. ಉಲ್ವೆಯ ಗುಡ್ಡ ಕಡಿದು ನೆಲ ಸಮಮಾಡಿದ ಕೆಲಸ ಅದು. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ, 2025ರ ಅಕ್ಟೋಬರಿನಲ್ಲಿ ಉದ್ಘಾಟನೆ. ಶಂಕುಸ್ಥಾಪನೆಯ ಹೊತ್ತಿಗೆ ಕಟ್ಟಡ ಕೆಲಸದ ದೊಡ್ಡ ಗಾಡಿಯೊಂದು ಒಂದು ಕಿಲೋವ್ಯಾಟ್-ಗಂಟೆ ಕೆಲಸಕ್ಕೆ 0.2 ಗ್ರಾಂ ಮಸಿ ಬಿಡಬಹುದಿತ್ತು. 2021ರ ಏಪ್ರಿಲಿನಿಂದ ಹೊಸ ಗಾಡಿಗೆ 0.025 ಗ್ರಾಂ, ಅಂದರೆ ಎಂಟನೇ ಒಂದು ಪಾಲು. 2025ರ ಜನವರಿಯಿಂದ 0.015, ಜೊತೆಗೆ ಕಣಗಳ ಲೆಕ್ಕವೂ ಸೇರಿತು. ಕೇಳಲು ಬಹಳ ಚೆನ್ನ. ಆದರೆ ನಿಯಮದಲ್ಲಿದ್ದ ‘ಗಾಡಿ’ಯ ವ್ಯಾಖ್ಯೆ ರಬ್ಬರ್ ಟಯರಿನ, ಉಕ್ಕಿನ ಡ್ರಮ್ಮಿನ ಯಂತ್ರಗಳದ್ದು. ಸರಪಳಿಯ ಮೇಲೆ ತೆವಳುತ್ತ ಗುಡ್ಡಕ್ಕೆ ಸೊಂಡಿಲು ಹಾಕುವ, ನಾವೆಲ್ಲ ಪೊಕ್ಲೇನ್ ಎನ್ನುವ ಯಂತ್ರ ಆ ಮಾತಿನೊಳಗೆ ಬರಲೇ ಇಲ್ಲ. ವಿಜಾಪುರ, ಕಲಬುರಗಿ ಕಡೆಯಿಂದ ಥಾಣೆ ಜಿಲ್ಲೆಯ ಕ್ವಾರಿಗಳಿಗೆ ಬಂದ ನಮ್ಮ ಜನ ದಿನವಿಡೀ ನಿಂತದ್ದು ಅಂಥ ಯಂತ್ರಗಳ ಪಕ್ಕದಲ್ಲೇ.

ಮತ್ತೆ ಹೊಟೇಲಿನ ಹಿತ್ತಲಿಗೆ ಬರೋಣ. 2005ರ ಜನವರಿಯಿಂದ ಹೊಸ ಜನರೇಟರಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರದ ಪೆಟ್ಟಿಗೆ ಕಡ್ಡಾಯವಾಯಿತು. ಸದ್ದು ಅಡಗಿದಾಗ ಹೊಗೆಯೂ ಅಡಗಿತು ಎಂದು ನಾವು ನಂಬಿಬಿಟ್ಟೆವು. 2014ರಲ್ಲಿ ನಿಯಮ ಬಿಗಿಯಾಯಿತು. 2022ರ ನವೆಂಬರಿನಲ್ಲಿ ಪ್ರಕಟವಾಗಿ 2023ರ ಜುಲೈಯಿಂದ ಜಾರಿಯಾದ ಹೊಸ ನಿಯಮಕ್ಕೆ ‘ಸಿಪಿಸಿಬಿ ನಾಲ್ಕು ಪ್ಲಸ್’ ಎಂದು ಹೆಸರು. 19ರಿಂದ 56 ಕಿಲೋವ್ಯಾಟ್ ಎಂಜಿನ್‌ಗೆ ಮಸಿಯ ಮಿತಿ 0.3 ಗ್ರಾಮಿನಿಂದ 0.03ಕ್ಕೆ ಇಳಿಯಿತು. 56ರಿಂದ 560ರವರೆಗಿನದಕ್ಕೆ 0.02. ಇದನ್ನು ಸಾಧಿಸಿದವರನ್ನು ಹೊಗಳಲೇಬೇಕು.

19 ಕಿಲೋವ್ಯಾಟಿನ ಕೆಳಗೆ? 2005ರ ಜುಲೈಯಲ್ಲಿ 0.3 ಗ್ರಾಂ, 2014ರಲ್ಲಿ 0.3, 2023ರಲ್ಲೂ 0.3. ಅನಿಲದ ಮಿತಿ ಇಳಿಯಿತು, ಮಸಿಯದು ಇದ್ದಲ್ಲೇ ಇದೆ. ಸಣ್ಣ ಹೊಟೇಲು, ಹೊಲಿಗೆ ಕಾರ್ಖಾನೆ, ದವಾಖಾನೆಗಳ ಜನರೇಟರುಗಳಲ್ಲಿ ಬಹುಪಾಲು ಈ ಗಾತ್ರದವೇ. ಸಣ್ಣ ಎಂಜಿನ್‌ಗೆ ಸೋಸುಗ ಹಾಕಿದರೆ ಸೋಸುಗಕ್ಕೇ ಎಂಜಿನಿನಷ್ಟು ದುಡ್ಡು ಬೇಕಾದೀತು ಎಂಬುದು ತಯಾರಕರ ವಾದ, ಸುಳ್ಳೇನಲ್ಲ. ಅತ್ತ ಮೇಲ್ತುದಿಯಲ್ಲಿ, ಐರೋಲಿ, ರಬಾಳೆ, ಮಹಾಪೆಗಳ ಡೇಟಾ ಸೆಂಟರುಗಳ ಹಿಂದೆ ಸಾಲುಗಟ್ಟಿ ನಿಂತ ದೈತ್ಯ ಜನರೇಟರುಗಳಿವೆ. ಹೊಸ ನಿಯಮದ ಗಡಿ 800 ಕಿಲೋವ್ಯಾಟ್. ಅದಕ್ಕೂ ದೊಡ್ಡವಕ್ಕೆ 2002ರ ಬೇರೊಂದು ನಿಯಮ. ನಡುವಿನವರಿಗೆ ಶಿಸ್ತು, ತುದಿಯವರಿಗೆ ರಿಯಾಯಿತಿ ಎಂದರೆ ತಪ್ಪಾಗದು.

ಇನ್ನು ಹಳೆಯ ಯಂತ್ರ. ನಿಯಮಗಳು ಹೊಸದಾಗಿ ತಯಾರಾಗುವುದಕ್ಕೆ ಮಾತ್ರ. ಡೀಸೆಲ್ ಎಂಜಿನ್ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತದೆ. 2006ರಲ್ಲಿ ಕೊಂಡದ್ದು ಇಂದಿಗೂ ಎಷ್ಟೋ ಹಿತ್ತಲಲ್ಲಿ ಬಟ್ಟೆ ಹೊದ್ದು ಕಾಯುತ್ತಿದೆ. ಮಳೆಗಾಲದಲ್ಲಿ ಫೀಡರ್ ಕೈಕೊಟ್ಟ ದಿನ ಏಳುತ್ತದೆ. ಇಂಥವಕ್ಕೆ ಹೊರಗಿನಿಂದ ಜೋಡಿಸುವ, ಕನಿಷ್ಠ 70 ಪಾಲು ಮಸಿ ಹಿಡಿಯುವ ಸಾಧನಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆಯ ಕ್ರಮ ಮಾಡಿದೆ.

ಹಣ ಖರ್ಚಿಲ್ಲದೆ ನೋಡಬಹುದಾದದ್ದೂ ಒಂದಿದೆ. ಮಂಡಳಿಯ ಲೆಕ್ಕದಂತೆ ಹೊಗೆಕೊಳವೆ ಕಟ್ಟಡಕ್ಕಿಂತ ಎಷ್ಟು ಮೇಲೇಳಬೇಕೆಂದರೆ, ಜನರೇಟರಿನ ಕೆವಿಎಯ ವರ್ಗಮೂಲದ ಐದನೇ ಒಂದು ಪಾಲಿನಷ್ಟು ಮೀಟರು. 25 ಕೆವಿಎಗೆ ಒಂದು ಮೀಟರ್, 100 ಕೆವಿಎಗೆ ಎರಡು. ಅಂದರೆ ಕೊಳವೆಯ ಬಾಯಿ ತಾರಸಿಯ ಮೇಲಿರಬೇಕು. ನಿಮ್ಮ ಸೊಸೈಟಿಯ, ನಿಮ್ಮ ಹೊಟೇಲಿನ ಕೊಳವೆಯ ಬಾಯಿ ಈಗ ಎಲ್ಲಿದೆ, ಪಾತ್ರೆ ತೊಳೆಯುವ ಜಾಗದ ಕಿಟಕಿಯಿಂದ ಎಷ್ಟು ಅಡಿ ದೂರ ಇದೆ ಎಂದು ಈ ಭಾನುವಾರ ಒಮ್ಮೆ ಹಿಂದಕ್ಕೆ ಹೋಗಿ ನೋಡಿ, ನಮಗೆ ಪತ್ರ ಬರೆಯಿರಿ.