ನಿಪ್ಪಾಣಿ: ಎರಡು ರಾಜ್ಯಗಳ ನಡುವಿನ ತಂಬಾಕಿನ ಪೇಟೆ

ಬೆಳಗಾವಿಯಿಂದ ಪುಣೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಸಂಕೇಶ್ವರವನ್ನು ದಾಟಿ, ಸ್ತವನಿಧಿಯ ಜೈನ ಕ್ಷೇತ್ರದ ಬಳಿಯ ತವಂದಿ ಘಾಟನ್ನು ಇಳಿದು, ವೇದಗಂಗಾ ಮತ್ತು ದೂಧಗಂಗಾ ನದಿಗಳ ಸೀಮೆಯನ್ನು ಸೇರುವಲ್ಲಿ ನಿಪ್ಪಾಣಿ ಪಟ್ಟಣವಿದೆ. ಜಿಲ್ಲಾ ಕೇಂದ್ರವಾದ ಬೆಳಗಾವಿ ಇಲ್ಲಿಂದ ಸುಮಾರು 75 ಕಿ.ಮೀ. ದೂರದಲ್ಲಿದ್ದರೆ ಮಹಾರಾಷ್ಟ್ರದ ಕೊಲ್ಹಾಪುರ 40 ಕಿ.ಮೀ.ಯಷ್ಟೇ ದೂರದಲ್ಲಿದೆ. ಈ ಅಂತರದ ವ್ಯತ್ಯಾಸವೇ ಊರಿನ ಬಾಳುವೆಯ ಬಹುಪಾಲನ್ನು ವಿವರಿಸುತ್ತದೆ: ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ, ಬೆಲ್ಲದ ಪೇಟೆಗಳಿಗೆ ಇಲ್ಲಿಯ ಜನ ತಲೆಮಾರುಗಳಿಂದ ಉತ್ತರಕ್ಕೆ ಹೋಗಿ ಬರುತ್ತಿದ್ದಾರೆ, ಕಚೇರಿ, ಕಂದಾಯ, ಕೋರ್ಟುಗಳ ಕೆಲಸಕ್ಕೆ ದಕ್ಷಿಣಕ್ಕೂ ಪೂರ್ವಕ್ಕೂ ಹೊರಳುತ್ತಾರೆ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 62 ಸಾವಿರವನ್ನು ಮೀರಿತ್ತು. ಬಹುಕಾಲ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ ಈ ಊರು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು.

ಪುಣೆ–ಬೆಂಗಳೂರು ಹಾದಿಯಷ್ಟೇ ಮುಖ್ಯವಾದ ಇನ್ನೊಂದು ಹಾದಿಯೂ ಇಲ್ಲಿ ಕೂಡುತ್ತದೆ. ಮುಧೋಳದ ಕಡೆಯಿಂದ ಪಶ್ಚಿಮಕ್ಕೆ ಬರುವ ರಸ್ತೆಯು ನಿಪ್ಪಾಣಿಯನ್ನು ಹಾಯ್ದು, ರಾಧಾನಗರಿಯ ಕಾಡಿನ ನಡುವೆ ಸಾಗಿ, ಫೋಂಡಾ ಘಾಟಿನಲ್ಲಿ ಸಹ್ಯಾದ್ರಿಯನ್ನು ಇಳಿದು, ಕೊಂಕಣದ ದೇವಗಡ ಬಂದರನ್ನು ಮುಟ್ಟುತ್ತದೆ. ಬಯಲುಸೀಮೆಯ ಸರಕು ಕಡಲಿಗೆ ಇಳಿಯುವ, ಕರಾವಳಿಯ ಸರಕು ಘಟ್ಟ ಹತ್ತುವ ದಾರಿಯಲ್ಲಿದ್ದ ಈ ಊರು ಪೇಟೆಯಾಗಿ ಬೆಳೆದದ್ದು ಸಹಜವೇ ಆಗಿದೆ. 19ನೇ ಶತಮಾನದ ಕೊನೆಯಲ್ಲಿ ಪುಣೆಯಿಂದ ಮಿರಜ್ ಮೂಲಕ ಬೆಳಗಾವಿಗೆ ಹಾಕಿದ ರೈಲು ಹಳಿ ಪೂರ್ವಕ್ಕೆ ಸರಿದು ರಾಯಬಾಗ, ಘಟಪ್ರಭಾಗಳ ಮೇಲೆ ಹೋಯಿತು. ನಿಪ್ಪಾಣಿಗೆ ರೈಲು ಬರಲಿಲ್ಲ. ಅನೇಕ ಹಳೆಯ ಪೇಟೆಗಳು ಇಂಥ ಸಂದರ್ಭದಲ್ಲಿ ಸೊರಗಿದರೂ ಗಾಡಿ ಮತ್ತು ಲಾರಿಗಳ ವ್ಯಾಪಾರವನ್ನೇ ನೆಚ್ಚಿದ್ದ ಈ ಪೇಟೆ ಉಳಿದುಕೊಂಡಿತು.

ರಾಜಕೀಯ ಚರಿತ್ರೆಯಲ್ಲಿ ನಿಪ್ಪಾಣಿಯ ಹೆಸರು ಎದ್ದು ಕಾಣುವುದು 18ನೇ ಶತಮಾನದ ಕೊನೆಗೆ, ನಿಂಬಾಳ್ಕರ ಮನೆತನದ ಸಿದ್ದೋಜಿರಾವ್ ದೇಸಾಯಿಯ ಕಾಲದಲ್ಲಿ. ಇಂಗ್ಲಿಷರ ಕಾಗದಪತ್ರಗಳಲ್ಲಿ ‘ಅಪ್ಪಾ ದೇಸಾಯಿ’ ಎಂದು ಕಾಣಿಸಿಕೊಳ್ಳುವ ಈತ ಪೇಶ್ವೆಯ ಬಲಿಷ್ಠ ಸರದಾರರಲ್ಲಿ ಒಬ್ಬನಾಗಿದ್ದ. ಕೊಲ್ಹಾಪುರದ ಅರಸರೊಡನೆ ದೀರ್ಘಕಾಲ ಸೆಣಸಿದ. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಪುಣೆಗೆ ನಡೆದಾಗ ಅದರ ಜೊತೆಗೂಡಿದ. ಪೇಶ್ವಾಯಿ ಮುಗಿದ ಮೇಲೆ ಈ ಮನೆತನದ ಸಂಸ್ಥಾನವು ಕುಗ್ಗಿ, ಸಿದ್ದೋಜಿರಾಯನ ಕಾಲಾನಂತರ ಕಂಪನಿ ಸರಕಾರದ ವಶವಾಯಿತು. ಕೋಟೆಯ ಅವಶೇಷಗಳೂ ದೇಸಾಯಿಯ ವಾಡೆಯೂ, ಅಂದರೆ ಅರಮನೆಯಂಥ ದೊಡ್ಡ ಮನೆಯೂ, ಆ ಕಾಲದ ಗುರುತುಗಳಾಗಿ ಇಂದಿಗೂ ಇವೆ. ಊರಿನ ಬಗ್ಗೆ ಬರೆದವರು ಸಾಮಾನ್ಯವಾಗಿ ಇಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆದರೆ ನಿಪ್ಪಾಣಿಯನ್ನು ನಿಪ್ಪಾಣಿಯನ್ನಾಗಿ ಮಾಡಿದ ಶಕ್ತಿಗಳನ್ನು ವಾಡೆಯ ಕಲ್ಲುಗಳಿಗಿಂತ ತಂಬಾಕಿನ ವಖಾರಿಗಳಲ್ಲಿ ಹುಡುಕುವುದೇ ಸರಿಯಾದ ಕ್ರಮ.

ತಂಬಾಕು ಈ ಭಾಗಕ್ಕೆ ಹೊಸದಲ್ಲ. ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂದ ಈ ಬೆಳೆ ಬಿಜಾಪುರದಲ್ಲಿ ಎಷ್ಟು ಬೇಗ ರೂಢಿಯಾಗಿತ್ತೆಂದರೆ, 1604ರ ಸುಮಾರಿಗೆ ಅಲ್ಲಿಗೆ ಹೋಗಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ಅದನ್ನು ಅಪರೂಪದ ವಸ್ತುವೆಂದು ಅಕ್ಬರನ ಮುಂದೆ ಒಯ್ದಿಟ್ಟ. ನಿಪ್ಪಾಣಿಯ ಸುತ್ತಲಿನ ಚಿಕ್ಕೋಡಿ, ಹುಕ್ಕೇರಿ ಹಾಗೂ ಗಡಿಯಾಚೆಯ ಕಾಗಲ, ಗಡಹಿಂಗ್ಲಜ ಸೀಮೆಗಳ ಮಣ್ಣು ಮತ್ತು ಹವೆ ಬೀಡಿಗೆ ಬೇಕಾದ ಖಾರವುಳ್ಳ ತಂಬಾಕಿಗೆ ಒಗ್ಗಿದವು. 20ನೇ ಶತಮಾನದಲ್ಲಿ ಬೀಡಿ ಸೇದುವುದು ದೇಶದ ಬಡವರ ಚಟವಾಗಿ ಹಬ್ಬಿದಂತೆ ಇಲ್ಲಿಯ ಮಾಲಿಗೆ ದೂರದೂರದಿಂದ ಬೇಡಿಕೆ ಬಂತು. ಮಂಗಳೂರಿನ ಪ್ರಸಿದ್ಧ ಬೀಡಿಗಳಲ್ಲಿಯೂ ನಿಪ್ಪಾಣಿಯ ತಂಬಾಕು ಸೇರುತ್ತದೆ. ಕರಾವಳಿಯ ಮನೆಯಂಗಳದಲ್ಲಿ ಬೀಡಿ ಸುತ್ತುವ ಹೆಂಗಸಿಗೂ ಈ ಗಡಿಯೂರಿನ ವಖಾರಿಯಲ್ಲಿ ದುಡಿಯುವ ಹೆಂಗಸಿಗೂ ಇರುವ ಈ ನಂಟನ್ನು ಕರ್ನಾಟಕದ ಆರ್ಥಿಕ ಚರಿತ್ರೆ ಇನ್ನೂ ತಕ್ಕಷ್ಟು ಗಮನಿಸಿಲ್ಲ.

ಬೆಳೆಯ ಕ್ರಮವನ್ನು ಅರಿತರೆ ವ್ಯಾಪಾರದ ಸ್ವರೂಪವೂ ತಿಳಿಯುತ್ತದೆ. ಮಳೆಗಾಲದಲ್ಲಿ ಮಡಿಗಳಲ್ಲಿ ಬೆಳೆಸಿದ ಸಸಿಗಳನ್ನು ಹೊಲದಲ್ಲಿ ನೆಟ್ಟು, ಗಿಡ ಹೂವಿಗೆ ಬರುವ ಹೊತ್ತಿಗೆ ತುದಿಯ ಕುಡಿಯನ್ನು ಚಿವುಟಿ, ಆಮೇಲೆ ಎಲೆಗಳ ಬುಡದಲ್ಲಿ ಒಡೆಯುವ ಬಗಲು ಚಿಗುರುಗಳನ್ನು ಮತ್ತೆ ಮತ್ತೆ ಕೀಳುತ್ತಾರೆ; ಹೀಗೆ ಮಾಡುವುದರಿಂದ ಗಿಡದ ಸಾರವೆಲ್ಲ ಉಳಿದ ಎಲೆಗಳಿಗೆ ಇಳಿದು ಅವು ದಪ್ಪವಾಗುತ್ತವೆ. ಚಳಿಗಾಲದಲ್ಲಿ ಎಲೆಯ ಮೇಲೆ ಕಂದು ಚುಕ್ಕೆಗಳು ಮೂಡಿದಾಗ ಅದು ಮಾಗಿದೆಯೆಂದು ತಿಳಿದು ಕೊಯ್ಯುತ್ತಾರೆ. ಕೊಯ್ದ ಬೆಳೆಯನ್ನು ನೆಲದ ಮೇಲೆಯೇ ಹರವಿ, ಹಗಲಿನ ಬಿಸಿಲಿಗೂ ಇರುಳಿನ ಇಬ್ಬನಿಗೂ ಒಡ್ಡಿ ಒಣಗಿಸುವುದು ವಾಡಿಕೆ. ಆ ದಿನಗಳಲ್ಲಿ ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆ ಹಾಳಾಗುತ್ತದೆ. ಒಣಗಿದ ಎಲೆಯನ್ನು ಬಡಿದು ಪುಡಿ ಮಾಡಿ, ಕಡ್ಡಿ ಮತ್ತು ನರಗಳನ್ನು ಬೇರ್ಪಡಿಸಿ, ಜರಡಿಗಳಲ್ಲಿ ಸಾಣಿಸಿ, ಕಾಳಿನ ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ ನಡೆಯುವುದು ವಖಾರಿಯಲ್ಲಿ. ‘ವಖಾರಿ’ ಎಂದರೆ ಬರಿಯ ಗೋದಾಮಲ್ಲ. ಮಾಲು ಕೊಳ್ಳುವ, ಹದಗೊಳಿಸುವ, ಬೆರೆಸುವ, ಮಾರುವ ಕೆಲಸಗಳೆಲ್ಲ ಒಂದೇ ಮಾಡಿನಡಿ ನಡೆಯುವ ಸ್ಥಳ. ಅಲ್ಲಿಯ ಗಾಳಿಯಲ್ಲಿ ತಂಬಾಕಿನ ಧೂಳು ಸದಾ ತೇಲುತ್ತಿರುತ್ತದೆ. ಸೆರಗನ್ನೋ ಹಳೆಯ ಬಟ್ಟೆಯ ತುಂಡನ್ನೋ ಮೂಗು ಬಾಯಿಗಳಿಗೆ ಬಿಗಿದು, ನೆಲದ ಮೇಲೆ ಕುಳಿತು ಜರಡಿ ಆಡಿಸುವವರು ಬಹುತೇಕ ಹೆಂಗಸರು.

ಸರಕಾರಕ್ಕೂ ಈ ಬೆಳೆಗೂ ಇದ್ದ ಸಂಬಂಧ ರೈತನ ಪಾಲಿಗೆ ತೊಡಕಿನದಾಗಿತ್ತು. 1943ರಲ್ಲಿ ಬ್ರಿಟಿಷ್ ಸರಕಾರ ತಂಬಾಕಿನ ಮೇಲೆ ಅಬಕಾರಿ ಸುಂಕವನ್ನು ವಿಧಿಸಿದಂದಿನಿಂದ ಬೆಳೆಗಾರನ ಕಣದಲ್ಲಿದ್ದ ಮಾಲು ಕೂಡ ಲೆಕ್ಕಕ್ಕೆ ಸಿಕ್ಕಿತು, ಪರವಾನಗಿ ಪಡೆದ ವ್ಯಾಪಾರಿಯ ಹಿಡಿತ ಬಿಗಿಯಾಯಿತು. ಹಸಿ ತಂಬಾಕಿನ ಮೇಲಿನ ಈ ಸುಂಕ ರದ್ದಾದದ್ದು 1979ರಲ್ಲಿ. ಸುಂಕ ಹೋದರೂ ರೈತನ ಕೈಗೆ ಬಲ ಬರಲಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ತಂಬಾಕಿಗೆ 1975ರ ಕಾಯ್ದೆಯಂತೆ ತಂಬಾಕು ಮಂಡಳಿಯ ಆಸರೆಯೂ ಮುಂದೆ ಬಹಿರಂಗ ಹರಾಜಿನ ಕಟ್ಟೆಗಳೂ ದೊರೆತವು. ಬೀಡಿ ತಂಬಾಕು ಆ ವ್ಯವಸ್ಥೆಯ ಹೊರಗೇ ಉಳಿಯಿತು. ದರ ಕಟ್ಟುವವನು ವ್ಯಾಪಾರಿ, ತೂಗುವವನು ಅವನೇ, ಹಣವನ್ನು ವಾಯಿದೆಯ ಮೇಲೆ ಕೊಡುವವನೂ ಅವನೇ ಎಂಬ ಸ್ಥಿತಿಯಲ್ಲಿ ರೈತರ ಅಸಮಾಧಾನ ಬಲಿಯಿತು.

ಅದು ಸ್ಫೋಟಿಸಿದ್ದು 1981ರ ಮಾರ್ಚ್ ತಿಂಗಳಲ್ಲಿ. 1980ರ ಜುಲೈನಲ್ಲಿ ನರಗುಂದ–ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆದು ವರ್ಷವೂ ಕಳೆದಿರಲಿಲ್ಲ. ಮಹಾರಾಷ್ಟ್ರದ ಶೇತಕರಿ ಸಂಘಟನೆಯ ನಾಯಕ ಶರದ್ ಜೋಶಿ ಮತ್ತು ನಿಪ್ಪಾಣಿಯವರೇ ಆದ ಪ್ರೊ. ಸುಭಾಷ್ ಜೋಶಿ ಅವರ ಮುಂದಾಳತನದಲ್ಲಿ ಗಡಿಯ ಎರಡೂ ಬದಿಯ ತಂಬಾಕು ಬೆಳೆಗಾರರು ಎತ್ತಿನ ಗಾಡಿಗಳೊಡನೆ ಬಂದು ಹೆದ್ದಾರಿಯ ಮೇಲೆ ಬೀಡುಬಿಟ್ಟರು. ಆ ಬೀಡಿಗೆ ‘ಆಂದೋಲನ ನಗರ’ ಎಂದು ಹೆಸರಾಯಿತು. ಮೂರು ವಾರಗಳಿಗೂ ಮಿಕ್ಕು ಪುಣೆ–ಬೆಂಗಳೂರು ಮಾರ್ಗ ಸ್ತಬ್ಧವಾಯಿತು. ಏಪ್ರಿಲ್ 6ರಂದು ಪೊಲೀಸರು ಬೀಡನ್ನು ಎಬ್ಬಿಸಲು ಮುಂದಾದಾಗ ನಡೆದ ಗೋಲಿಬಾರಿನಲ್ಲಿ 12 ಮಂದಿ ರೈತರು ಪ್ರಾಣ ಕಳೆದುಕೊಂಡರು. ಕನ್ನಡ ಮತ್ತು ಮರಾಠಿ ಮಾತಾಡುವ ರೈತರು ಭಾಷೆಯ ಗೊಡವೆಯಿಲ್ಲದೆ ಒಂದೇ ಬೆಲೆಗಾಗಿ ಒಂದೇ ರಸ್ತೆಯ ಮೇಲೆ ಕುಳಿತಿದ್ದರೆಂಬುದು ಈ ಚಳವಳಿಯ ಅತ್ಯಂತ ಮಹತ್ವದ ಅಂಶ.

ಇದೇ ಹೊತ್ತಿಗೆ ವಖಾರಿಯ ಹೆಂಗಸರೂ ಸಂಘ ಕಟ್ಟಿದರು. ಕೂಲಿ, ಕೆಲಸದ ಅವಧಿ, ಒಳಗಿನ ನಡವಳಿಕೆ, ಧೂಳಿನಿಂದಾಗುವ ಕಾಯಿಲೆ – ಇವೆಲ್ಲವನ್ನೂ ಮುಂದಿಟ್ಟು ಅವರು ನಡೆಸಿದ ಹೋರಾಟವನ್ನು ಬೆಂಗಳೂರಿನ ದೀಪಾ ಧನರಾಜ್ ಮತ್ತು ಅವರ ಗೆಳತಿಯರ ‘ಯುಗಾಂತರ’ ಬಳಗವು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವಾಗಿಸಿತು. ಕಾರ್ಮಿಕ ಮಹಿಳೆಯರು ತಮ್ಮ ಬದುಕನ್ನು ತಮ್ಮ ಬಾಯಿಂದಲೇ ಹೇಳಿರುವ ಇಂಥ ದಾಖಲೆ ಕರ್ನಾಟಕದ ಬೇರೆ ಪೇಟೆಗಳಿಗೆ ದುರ್ಲಭ. ಈ ಊರಿಗೆ ಹೋರಾಟದ ನೆನಪು ಅದಕ್ಕೂ ಹಿಂದಿನಿಂದ ಇದೆ: 1925ರ ಏಪ್ರಿಲ್‌ನಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಬಹಿಷ್ಕೃತ ವರ್ಗಗಳ ಮುಂಬೈ ಪ್ರಾಂತೀಯ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದಿದ್ದರು.

ಇನ್ನು ಗಡಿಯ ಮಾತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿದಾಗ ಮರಾಠಿ ಭಾಷಿಕರೇ ಹೆಚ್ಚಾಗಿದ್ದ ನಿಪ್ಪಾಣಿ ವಿವಾದದ ನಡುವೆ ಸಿಲುಕಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವು ಬೆಳಗಾವಿ ನಗರವನ್ನು ಕರ್ನಾಟಕದಲ್ಲೇ ಉಳಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ, ಸ್ಥಿತಿ ಇದ್ದಂತೆಯೇ ಮುಂದುವರಿಯಿತು. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಊರಿನ ನಿತ್ಯಜೀವನವು ಈ ಗೆರೆಯನ್ನು ದಿನವೂ ದಾಟುತ್ತದೆ. ಪಟ್ಟಣದ ಹೆಸರಾಂತ ದೇವಚಂದ ಕಾಲೇಜು ಇರುವುದು ಪಕ್ಕದ ಅರ್ಜುನನಗರದಲ್ಲಿ, ಅಂದರೆ ಮಹಾರಾಷ್ಟ್ರದ ನೆಲದಲ್ಲಿ. ವಿದ್ಯಾರ್ಥಿಗಳು ಬೆಳಿಗ್ಗೆ ಇನ್ನೊಂದು ರಾಜ್ಯಕ್ಕೆ ಹೋಗಿ ಪಾಠ ಕೇಳಿ ಊಟಕ್ಕೆ ಮನೆಗೆ ಮರಳುತ್ತಾರೆ. ಗಡಿಯಲ್ಲಿ ಗಲಾಟೆಯಾದಾಗ ಕೊಗನೋಳಿಯ ತಪಾಸಣೆ ನಾಕೆಯಲ್ಲಿ ಎರಡೂ ರಾಜ್ಯಗಳ ಬಸ್ಸುಗಳು ನಿಂತುಬಿಡುತ್ತವೆ. ಆಗ ಮೊದಲು ಪೆಟ್ಟು ತಿನ್ನುವವರು ಸಂತೆಗೆ ತರಕಾರಿ ತಂದವರು, ಕೊಲ್ಹಾಪುರದ ಆಸ್ಪತ್ರೆಗೆ ಹೊರಟ ರೋಗಿಗಳು.

ಇಂದು ಹೊಲಗಳಲ್ಲಿ ತಂಬಾಕಿನ ಜಾಗವನ್ನು ಸೋಯಾ ಅವರೆ ಮತ್ತು ಕಬ್ಬು ಆಕ್ರಮಿಸಿವೆ. ದೂಧಗಂಗೆಗೆ ಮಹಾರಾಷ್ಟ್ರದ ಕಾಳಮ್ಮವಾಡಿಯಲ್ಲಿ ಕಟ್ಟಿದ ಅಣೆಕಟ್ಟೆ ಎರಡೂ ರಾಜ್ಯಗಳ ಜಂಟಿ ಯೋಜನೆಯಾಗಿದ್ದು, ಅದರ ನೀರು ಈ ಕಡೆಯ ಬೆಳೆಗೂ ಆಧಾರವಾಗಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ನಿಪ್ಪಾಣಿ ಸಂಶೋಧನಾ ಕೇಂದ್ರವು ಬೀಡಿ ತಂಬಾಕಿನ ತಳಿಗಳ ಮೇಲೆ ದುಡಿದಿದೆ. ಬೀಡಿಯ ಬೇಡಿಕೆ ಇಳಿಯುವುದು ದೇಶದ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಈ ಧೂಳಿನಲ್ಲಿ ಪ್ರಾಯ ಕಳೆದ ಹೆಂಗಸರಿಗೆ ಬದಲಿ ದುಡಿಮೆಯನ್ನೂ ವೃದ್ಧಾಪ್ಯದ ಆಸರೆಯನ್ನೂ ಒದಗಿಸುವ ಹೊಣೆ, ದಶಕಗಳ ಕಾಲ ಈ ಬೆಳೆಯಿಂದ ಸುಂಕ ಎತ್ತಿದ ಸರಕಾರದ ಮೇಲಿದೆ.

ವಖಾರಿಗಳು ಒಂದೊಂದಾಗಿ ಮುಚ್ಚಿದಂತೆ ಅವುಗಳ ಖಾತೆ ಕೀರ್ದಿಗಳು ರದ್ದಿಗೆ ಹೋಗುತ್ತವೆ, 1981ನ್ನು ಕಂಡವರು ಮುಪ್ಪಾಗುತ್ತಿದ್ದಾರೆ. ಕನ್ನಡ, ಮರಾಠಿ ಎರಡೂ ಬಲ್ಲ ಅಧ್ಯೇತೃಗಳು ಈ ಕಾಗದಗಳನ್ನೂ ಮಾತುಗಳನ್ನೂ ಈಗಲೇ ಸಂಗ್ರಹಿಸಬೇಕು. ನಗರಸಭೆಯೂ ಸ್ಥಳೀಯ ಕಾಲೇಜುಗಳೂ ಅದಕ್ಕೆ ಜಾಗ ಮಾಡಿಕೊಡಬೇಕು.